ತಾತನ ಜೀಪಿನ ಮೊದಲ ಬಣ್ಣ

ಬಳ್ಳಾರಿಯ ಮೈದಾನದಲ್ಲಿ ಆ ಶನಿವಾರ ಬೆಳಿಗ್ಗೆ ನನ್ನ ಕೈಯಲ್ಲಿದ್ದದ್ದು ಬಣ್ಣ ಉಜ್ಜುವ ಒಂದು ತುಂಡು ವಾಟರ್ ಪೇಪರು, ಒಂದು ಮಗ್ಗು ನೀರು ಮತ್ತು ಎಂಬತ್ತು ದಾಟಿದ ಒಬ್ಬ ತಾತನ ಮಾನ. ಮೊದಲಿನ ಎರಡು ನನಗೆ ಕಾಣುತ್ತಿದ್ದವು. ಮೂರನೆಯದು ಕಾಣುವಷ್ಟರಲ್ಲಿ ಉಜ್ಜಿ ಆಗಿತ್ತು.

ಹಳೆಯ ಮಿಲಿಟರಿ ಗಾಡಿಗಳನ್ನು ದುರಸ್ತಿ ಮಾಡಿ ಹೊಸ ಜೀವ ಕೊಟ್ಟವರು ಅಲ್ಲಿ ವರ್ಷಕ್ಕೊಮ್ಮೆ ಸೇರುತ್ತಾರೆ. ಶನಿವಾರ ತಪಾಸಣೆ, ಭಾನುವಾರ ಫಲಿತಾಂಶ. ನಾನು ಇಬ್ಬರು ತೀರ್ಪುಗಾರರಲ್ಲಿ ಚಿಕ್ಕವನು. ಗಾಂಧಿನಗರದಲ್ಲಿ ನನ್ನದೊಂದು ಶೆಡ್ಡಿದೆ. ಹಗಲು ಗಾಡಿಗಳಿಗೆ ಬಣ್ಣ ಹೊಡೆಯುತ್ತೇನೆ, ಮದುವೆ ಸೀಸನ್ನಿನಲ್ಲಿ ಸಂಜೆ ಮಿಮಿಕ್ರಿ ಮಾಡುತ್ತೇನೆ. ಎರಡೂ ಒಂದೇ ಕಸುಬು ಎನ್ನುವವರಿದ್ದಾರೆ: ಇದ್ದದ್ದನ್ನು ಮುಚ್ಚಿ ಇನ್ನೊಂದನ್ನು ತೋರಿಸುವುದು. ಅಂಥವನನ್ನು ಕರೆದು, ಅಸಲಿ ಯಾವುದು ನಕಲಿ ಯಾವುದು ಹೇಳಪ್ಪ ಎಂದು ಕೂರಿಸಿದವರ ಧೈರ್ಯವನ್ನು ಮೆಚ್ಚಬೇಕು.

ಮುಖ್ಯ ತೀರ್ಪುಗಾರರು ಸುಬೇದಾರ್ ಸಾಹೇಬರು. ಸೈನ್ಯದ ವಾಹನ ವರ್ಕ್‌ಶಾಪಿನಲ್ಲಿ ಸರ್ವೀಸು ಮುಗಿಸಿ ಕುರುಗೋಡಿನಲ್ಲಿ ಮನೆ ಕಟ್ಟಿಕೊಂಡವರು. ಅವರು ಮಾತಾಡುವುದಿಲ್ಲ, ಆರ್ಡರ್ ಹೊರಡಿಸುತ್ತಾರೆ. ಕುರುಗೋಡಿನ ಹೋಟೆಲಿನಲ್ಲಿ ಅವರು ಮಿರ್ಚಿ ಕೇಳಿದರೆ ಪಕ್ಕದ ಮೇಜಿನವರೂ ಎದ್ದು ನಿಲ್ಲುತ್ತಾರೆ. ಅವರ ದನಿ ನನಗೆ ಎರಡು ದಿನಕ್ಕೆ ಒಲಿಯಿತು. ಅಂದು ಬೆಳಿಗ್ಗೆ ಮೈಕಿನಲ್ಲಿ ಆ ದನಿಯಿಂದ "ಎಲ್ಲಾ ಗಾಡಿ, ಬಾನೆಟ್ ಖೋಲ್!" ಎಂದೆ. ಮೈದಾನದ ಬಾನೆಟ್ಟುಗಳೆಲ್ಲ ಒಟ್ಟಿಗೆ ತೆರೆದವು. ತಾವು ಎಲ್ಲಿಂದ ಮಾತಾಡಿದ್ದು ಎಂದು ಸಾಹೇಬರೇ ಸುತ್ತ ನೋಡಿದರು.

"ಲೇ ಮಂಗ್ಯಾ, ನನ್ನ ಗಂಟಲ ನನ್ನ ಕಡೀನ ಇರ್ಲಿ. ನೀ ಬಣ್ಣ ನೋಡು."

ಬಣ್ಣ ನೋಡುವುದು ಎಂದರೇನು ಎಂದು ಹೇಳಬೇಕು. ಸೈನ್ಯದ ಗಾಡಿ ಹರಾಜಿನಲ್ಲಿ ಊರಿನವರ ಕೈಗೆ ಬಂದರೆ ಅದರ ಹಸಿರು ಹೋಗಬೇಕು. ಆ ಹಸಿರು ಸೈನ್ಯದ ಗಾಡಿಗಳಿಗೆ ಮಾತ್ರ. ಹಾಗಾಗಿ ನಮ್ಮ ಪ್ರದರ್ಶನದ ಮಿಲಿಟರಿ ಗಾಡಿಗಳು ನೀಲಿ, ಬಿಳಿ, ಕೆನೆ ಬಣ್ಣಗಳಲ್ಲಿ ನಿಂತಿರುತ್ತವೆ, ರಜೆಯ ಮೇಲೆ ಮದುವೆಗೆ ಬಂದ ಸಿಪಾಯಿಗಳ ಹಾಗೆ. ಇವುಗಳಲ್ಲಿ ಯಾವುದು ನಿಜವಾಗಿ ಫೌಜಿನದು, ಯಾವುದು ಊರಿನದೇ ಆಗಿ ಫೌಜಿನ ವೇಷ ಕಟ್ಟಿದೆ ಎಂದು ತಿಳಿಯಲು ನಾವು ಬಾಡಿಯಲ್ಲಿ ಒಂದು 'ಕಿಟಕಿ' ತೆಗೆಯುತ್ತೇವೆ. ಹೊರಗೆ ಕಾಣದ ಜಾಗ ಹುಡುಕಿ, ನೀರು ಚಿಮುಕಿಸಿ, ವಾಟರ್ ಪೇಪರಿನಿಂದ ಸುತ್ತುತ್ತ ಉಜ್ಜುವುದು. ಅಂಗೈಯ ಗುಳಿಯಷ್ಟು ಅಗಲ ಸಾಕು. ಒತ್ತಿದರೆ ನೇರ ತಗಡೇ ಬರುತ್ತದೆ. ಹಗುರಾಗಿ ಉಜ್ಜಿದರೆ ಒಂದೊಂದು ಬಣ್ಣವೂ ಒಂದೊಂದು ಬಳೆಯಾಗಿ ಏಳುತ್ತದೆ, ಅಡ್ಡ ಕೊಯ್ದ ಉಳ್ಳಾಗಡ್ಡಿಯಂತೆ. ಹೊರಗಿನ ಬಳೆ ಈಗಿನದು, ಒಳಗಿನವು ಹಿಂದಿನ ಕಾಲದವು. ತಗಡಿನ ಹತ್ತಿರ ಹಸಿರು ಬಳೆ ಸಿಕ್ಕರೆ ಅದು ಫೌಜಿನ ಬಾಡಿ.

ಆ ಬಳೆಗಳನ್ನು ನೋಡುತ್ತ ಕೂತರೆ ಅಂಕ ಹಾಕುವುದೇ ಮರೆತುಹೋಗುತ್ತದೆ. ತೆಕ್ಕಲಕೋಟೆಯಲ್ಲಿ ನನ್ನ ಅಜ್ಜಿಯ ಮನೆ. ರಜೆಯಲ್ಲಿ ಅಲ್ಲಿಂದ ಸಿರುಗುಪ್ಪಕ್ಕೆ ಹೋಗುತ್ತಿದ್ದದ್ದು ಸೈನ್ಯ ಹರಾಜು ಹಾಕಿದ ಇಂಥದೇ ಡಿಸ್ಪೋಸಲ್ ಜೀಪಿನಲ್ಲಿ. ಒಳಗೆ ಹೆಂಗಸರು, ಹಿಂದೆ ಜೋತುಬಿದ್ದ ಗಂಡಸರು, ಬಾನೆಟ್ಟಿನ ಮೇಲೆ ಕೋಳಿ ಬುಟ್ಟಿ, ಬುಟ್ಟಿ ಬೀಳದಂತೆ ಹಿಡಿದುಕೊಳ್ಳಲು ನಾನು. ನಾನು ಬೀಳದಂತೆ ಹಿಡಿದುಕೊಳ್ಳಲು ಯಾರೂ ಇಲ್ಲ. ಕೂತವರ ಮೈಗೆಲ್ಲ ಪೆಟ್ರೋಲು, ಕ್ಯಾನ್ವಾಸು, ಹಸಿ ಭತ್ತದ ವಾಸನೆ. ಚಳಿಯಲ್ಲಿ ಆ ಜೀಪು ಎದ್ದೇಳುವ ಸದ್ದು ನಾನು ಕಲಿತ ಮೊದಲ ಮಿಮಿಕ್ರಿ. ಮೊದಲು ಮುದುಕನ ಕೆಮ್ಮು, ಆಮೇಲೆ ಬೈಗುಳ, ಕೊನೆಗೆ ಒಂದು ದೊಡ್ಡ ನಗು. ಶಾಲೆಯಲ್ಲಿ ಮಾಡಿ ತೋರಿಸಿದಾಗ ಮೇಷ್ಟ್ರು ಎದ್ದು ಬಾಗಿಲಾಚೆ ನೋಡಿದರು. ಜೀಪು ಕಾಣಲಿಲ್ಲ, ನಾನು ಕಂಡೆ.

ಮೊದಲ ಸಾಲಿನ ಕೊನೆಯಲ್ಲಿ ಕೆನೆ ಬಣ್ಣದ ಒಂದು ಜೀಪು ನಿಂತಿತ್ತು. ಹಚ್ಚೊಳ್ಳಿಯದು. ಓಡಿಸಿಕೊಂಡು ಬಂದಿದ್ದವಳು ಐವತ್ತರ ಆಸುಪಾಸಿನ ಅಕ್ಕ. ಪಕ್ಕದ ಕುರ್ಚಿಯಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು ಕೂತಿದ್ದ ತಾತ ಅವಳ ತಂದೆ. ಅವರ ಹಿಂದೆ, ಯಾರೂ ಕರೆಯದಿದ್ದರೂ ಜೀಪು ಹತ್ತಿ ಬಂದಿದ್ದ ಪಕ್ಕದ ಮನೆಯ ಮುದುಕ.

"ತಮ್ಮಾ, ನೀನಾ ಏನು ಜಡ್ಜು? ಚಾ ತರಾಕ ಹೇಳೋಣ ಅಂತಿದ್ನಿ," ಎಂದಳು ಅಕ್ಕ.

"ತರ್ತೀನಕ್ಕ. ಅಂಕ ಮೊದಲೋ, ಚಾ ಮೊದಲೋ?"

ತಾತ ನಗಲಿಲ್ಲ. ನನ್ನ ಮುಂಗೈ ಹಿಡಿದು ಹತ್ತಿರ ಎಳೆದುಕೊಂಡರು. "ತಮ್ಮಾ, ನನಗ ಬಹುಮಾನದ ಕಪ್ ಬ್ಯಾಡ. ಬಾರ್ಡರಿಗೆ ಹೋಗಿ ಬಂದ ಗಾಡಿ ಇದು. ನನ್ನ ವಯಸ್ಸಿನಾಗ ಮಿಲಿಟ್ರಿ ಹರಾಜಿನಾಗ ಹಿಡಿದಿದ್ದು. ಊರಾಗ ಒಬ್ಬರೂ ನಂಬಂಗಿಲ್ಲ. ಮೈಕಿನಾಗ ಒಂದು ಮಾತು ಹೇಳ್ರಿ, ಇದು ಮಿಲಿಟ್ರಿ ಗಾಡಿ ಅಂತ. ಇವನು ಕೇಳಲಿ."

'ಇವನು' ಎಂದದ್ದು ಪಕ್ಕದ ಮನೆಯ ಮುದುಕನನ್ನು. ಆತ ಎಲೆಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದ. "ನಾನೂ ಅದನ್ನ ಕೇಳಾಕಾ ಬಂದೀನಿ. ಮಿಲಿಟ್ರಿ ಮಿಲಿಟ್ರಿ ಅಂತ ಹುಟ್ಟಿದಾಗಿಂದ ತಲಿ ತಿಂದಾನ. ಇವತ್ತು ಗೊತ್ತಾಗ್ತೈತಿ."

"ಇನ್ನೊಂದೂ ಕೇಳು ತಮ್ಮಾ," ಎಂದರು ತಾತ. "ಇಷ್ಟು ವರ್ಷ ಓಡ್ಸೀನಿ. ಹೆರಿಗಿ ಹೆಂಗಸರು, ಹಾವು ಕಡದವರು, ಮದುವಿ ದಿಬ್ಬಣ, ಎಲ್ಲಾ. ಒಮ್ಮೆನೂ ಗಾಡಿ ಪಲ್ಟಿ ಹೊಡ್ಸಿಲ್ಲ."

ಅಕ್ಕ ಕಣ್ಣು ಮೇಲೆತ್ತಿದಳು. ಈ ಎರಡನೆಯ ಮಾತನ್ನು ಆಕೆ ಎಷ್ಟು ಸಲ ಕೇಳಿರಬೇಕು ಎಂದು ಆ ಕಣ್ಣಲ್ಲೇ ಗೊತ್ತಾಯಿತು.

ಹಿಂದಿನ ಚಕ್ರದ ಮೇಲಿನ ತಗಡಿನ ಒಳಮೈಯಲ್ಲಿ ಜಾಗ ಆರಿಸಿದೆ. ನೀರು ಹಾಕಿ ಉಜ್ಜತೊಡಗಿದೆ. ಕೆನೆ ಹೋಯಿತು, ನೀಲಿ ಬಂತು. "ಅದು ನಮ್ಮ ಅಕ್ಕನ ಮದುವಿಗೆ ಹೊಡ್ಸಿದ್ದು," ಎಂದಳು ಅಕ್ಕ. ನೀಲಿಯ ಒಳಗೆ ಬಿಳಿ. "ಅದು ಎಲೆಕ್ಷನ್ನಿಗೆ." ಅವಳ ದನಿ ಮೆತ್ತಗಾಗಿತ್ತು. ಬಿಳಿಯ ಒಳಗೆ ಇಟ್ಟಿಗೆ ಕೆಂಪಿನ ಪ್ರೈಮರ್. ಅದರೊಳಗೆ ಹೊಳೆಯುವ ತಗಡು.

ಹಸಿರು ಇರಲಿಲ್ಲ.

ಸಾಹೇಬರು ಭೂತಗನ್ನಡಿ ಹಿಡಿದು ಬಗ್ಗಿದರು. "ಎರಡನೇ ಕಿಟಕಿ," ಎಂದರು. ನಿಯಮದ ಪ್ರಕಾರ ಎರಡಕ್ಕೆ ಅವಕಾಶವಿತ್ತು. ಡ್ಯಾಶ್‌ಬೋರ್ಡಿನ ಹಿಂದೆ ಕೈ ತೂರಿಸಿ ಉಜ್ಜಿದೆ. ಕೆನೆ, ನೀಲಿ, ಬಿಳಿ, ಕೆಂಪು, ತಗಡು.

ಪಕ್ಕದ ಮನೆಯ ಮುದುಕ ಹೊರಗೆ ಹೋಗಿ ಉಗುಳಿ ಬಂದ, ನಗಲು ಬಾಯಿ ಖಾಲಿ ಇರಲಿ ಎಂದು.

"ನಮ್ಮಪ್ಪ ಸುಳ್ಳ ಅಂತೀರೇನು?" ಅಕ್ಕ ಸೆರಗು ಸಿಕ್ಕಿಸಿ ನನ್ನ ಎದುರು ನಿಂತಳು. "ವರ್ಷಗಟ್ಟಲೆ ಇದರ ಮ್ಯಾಲೆ ಮೈಮುರಿದು ದುಡದೀನಿ. ಬೋಲ್ಟ್ ಬೋಲ್ಟ್ ಬಿಚ್ಚಿ ಜೋಡ್ಸೀನಿ."

"ನಾನೇನೂ ಅಂದಿಲ್ಲಕ್ಕ. ಬಣ್ಣ ಅಂತೈತಿ."

ನನ್ನನ್ನು ತಡೆದದ್ದು ಅವಳ ಸಿಟ್ಟಲ್ಲ, ತಾತನ ಮೌನ. ಆಣೆ ಪ್ರಮಾಣ ಮಾಡಬೇಕಾಗಿದ್ದ ಮನುಷ್ಯ ತನ್ನ ಚಪ್ಪಲಿ ನೋಡುತ್ತ ಕೂತಿದ್ದರು. ಸುಳ್ಳು ಸಿಕ್ಕಿಬಿದ್ದವರನ್ನು ನಾನು ಬಹಳ ನೋಡಿದ್ದೇನೆ, ಅವರ ದನಿ ಏರುತ್ತದೆ. ಅದನ್ನೇ ವೇದಿಕೆಯಲ್ಲಿ ಮಾಡಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಈ ಮುಖ ಆ ಜಾತಿಯದಲ್ಲ.

ಸಾಹೇಬರು 'ಊರಿನ ಗಾಡಿ' ಎಂದು ಬರೆಯಲು ಪೆನ್ನು ತೆಗೆದರು. "ಸಾಹೇಬ್ರ, ಒಂದು ನಿಮಿಷ," ಎಂದು ನಾನು ಜೀಪಿನ ಕೆಳಗೆ ನುಸುಳಿದೆ.

ಬಾಡಿಯ ಮೇಲೆ ಬಣ್ಣ ಹೊಡೆಸುವವರು ಗಾಡಿಯ ತಳದ ಚೌಕಟ್ಟಾದ ಚಾಸಿಯ ಒಳಮೂಲೆಗಳ ಗೊಡವೆಗೆ ಹೋಗುವುದಿಲ್ಲ. ಅಲ್ಲಿ ಗ್ರೀಸು, ಮಣ್ಣು, ಗದ್ದೆಯ ಕೆಸರು ಸೇರಿ ಹೆಪ್ಪುಗಟ್ಟಿರುತ್ತದೆ. ಆ ಹೆಪ್ಪು ಕೆಳಗಿನ ಬಣ್ಣವನ್ನು ಉಪ್ಪಿನಕಾಯಿಯ ಹಾಗೆ ಕಾಪಾಡುತ್ತದೆ. ಗೇರ್‌ಬಾಕ್ಸಿನ ಹಿಂದಿನ ಅಡ್ಡಪಟ್ಟಿಯನ್ನು ಕೆರೆದು, ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ಟಾರ್ಚು ಹಾಕಿದೆ. ಮಂಕು ಹಸಿರು. ಹಿಂದಿನ ಪಟ್ಟಿಯಲ್ಲಿ, ತೋಪು ಎಳೆಯುವ ಕೊಕ್ಕೆ ಕೂರಿಸಲು ಕೊರೆದ ತೂತುಗಳು.

"ಸಾಹೇಬ್ರ!"

ಸಾಹೇಬರು ಗರಿಗರಿ ಪ್ಯಾಂಟಿನಲ್ಲೇ ಮಲಗಿ ಒಳಗೆ ಬಂದರು. ಇಬ್ಬರೂ ಅಂಗಾತ ಬಿದ್ದು ನೋಡಿದೆವು. "ಚಾಸಿ ಫೌಜಿ," ಎಂದರು. "ಬಾಡಿ ಸಿವಿಲ್. ಯಾರೋ ಬಾಡಿ ಬದಲಿ ಮಾಡ್ಯಾರ."

ಅವರು ತೆವಳಿ ಹೊರಗೆ ಹೋದ ಮೇಲೆ ನನಗೆ ಇನ್ನೊಂದು ಕಂಡಿತು. ಎಡಗಡೆಯ ಉದ್ದಪಟ್ಟಿಯನ್ನು ಒಂದು ಕಡೆ ಕಾಸಿ, ಸುತ್ತಿಗೆಯಿಂದ ಬಡಿದು ನೆಟ್ಟಗೆ ಮಾಡಿದ್ದರು. ಚಾಸಿ ಹಾಗೆ ಬಾಗುವುದು ಗಾಡಿ ಎಡಕ್ಕೆ ಮಗುಚಿ ಬಿದ್ದಾಗ.

ಜೀಪಿನ ಕೆಳಗೆ ಮಲಗಿಕೊಂಡೇ ಎಲ್ಲವೂ ಅರ್ಥವಾಯಿತು. ಪಲ್ಟಿಯೇ ಹೊಡೆಸದ ತಾತ! ಮಿಮಿಕ್ರಿಯವನಿಗೆ ಜನ್ಮಕ್ಕೊಮ್ಮೆ ಸಿಗುವ ಮಾಲು. ಪಕ್ಕದ ಮನೆಯ ಮುದುಕನ ದನಿಯಲ್ಲಿ ಹೇಳಬೇಕಾದ ಮಾತು ಕೂಡ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ನನ್ನ ಹೆಂಡತಿ ಇದನ್ನು ಇವತ್ತಿಗೂ ನಂಬುವುದಿಲ್ಲ.

ತಾತನನ್ನು ನೀರಿನ ಟ್ಯಾಂಕಿನ ನೆರಳಿಗೆ ಕರೆದುಕೊಂಡು ಹೋದೆ. "ತಾತ, ಚಾಸಿ ಮಿಲಿಟ್ರಿದು ಅಂತ ಸಿಕ್ಕೈತಿ. ಆದ್ರ ಬಾಡಿ ಅಲ್ಲ. ಮೊದಲಿನ ಬಾಡಿ ಏನಾತು ಅಂತ ಮಾಲೀಕರು ತೋರಿಸಿದ್ರ 'ಮಿಲಿಟ್ರಿ ಗಾಡಿ, ಬಾಡಿ ಬದಲಿ' ಅಂತ ಹೇಳಾಕ ಬರ್ತೈತಿ. ತೋರಿಸದಿದ್ರ ಊರಿನ ಗಾಡಿ ಅಂತಾನ ಬರೀಬೇಕು. ಬಾಡಿ ಯಾಕ ಬದಲಿ ಆತು ಅಂತನೂ ಹೇಳಬೇಕಾಗ್ತೈತಿ." ಸ್ವಲ್ಪ ಬಿಟ್ಟು ಸೇರಿಸಿದೆ: "ಎಡಗಡೆ ಪಟ್ಟಿ ನಾನು ನೋಡಿನಿ."

ತಾತ ನನ್ನ ಮುಖ ನೋಡಿದರು. "ಯಾರಿಗಾದ್ರೂ ಹೇಳಿದ್ಯಾ?"

"ಇಲ್ಲ."

"ನನ್ನ ಎರಡೂ ಮಾತು ಉಳಿಯಂಗಿಲ್ಲೇನು?"

"ಇಲ್ಲ ತಾತ. ಒಂದಾ ಉಳೀತೈತಿ."

ತಾತ ಟ್ಯಾಂಕಿನ ಕಟ್ಟೆಯ ಮೇಲೆ ಕೂತರು. ಆಮೇಲೆ ಎದ್ದು, ಪಂಚೆ ಸರಿ ಮಾಡಿಕೊಂಡು, ಜೀಪಿನ ಹತ್ತಿರ ಹೋಗಿ ಮಗಳ ಮುಂದೆ ನಿಂತರು.

"ಅವ್ವಾ, ನೀನು ಹಾಸ್ಟೆಲಿನಾಗ ಓದೋವಾಗ ಗಾಡಿ ಪಲ್ಟಿ ಆಗಿತ್ತು."

"ಯಾವ ಗಾಡಿ?"

"ಇದಾ. ಕಾಲುವಿ ದಂಡಿಮ್ಯಾಲೆ. ನಾನಾ ಓಡಸ್ತಿದ್ನಿ. ಬೆಳಕು ಹರಿಯೋ ಹೊತ್ತು, ಯಾರೂ ನೋಡಲಿಲ್ಲ. ಟ್ರ್ಯಾಕ್ಟರಿಗೆ ಕಟ್ಟಿ ಸಿರುಗುಪ್ಪಕ್ಕ ಒಯ್ದು ಬ್ಯಾರೆ ಬಾಡಿ ಕೂಡ್ಸಿದ್ನಿ. ಊರಾಗ ತುಕ್ಕು ಹಿಡಿದಿತ್ತು ಅಂದ್ನಿ."

ಅಕ್ಕ ಸೊಂಟಕ್ಕೆ ಕೈ ಇಟ್ಟಳು. "ಅಪ್ಪಾ, ನಾನು ಕಲಿಯೋವಾಗ ಒಮ್ಮೆ, ಒಂದಾ ಒಂದು ಸಲ, ಚಕ್ರ ಕಾಲುವಿ ಕಡಿ ಇಳೀತು ಅಂತ ಒಂದು ವರ್ಷ ಕೀಲಿ ಕೊಡಲಿಲ್ಲ ನೀನು!"

"ಅದಕಾ ಕೊಡಲಿಲ್ಲ. ಹೆಂಗಿರ್ತೈತಿ ಅಂತ ನನಗ ಗೊತ್ತಿತ್ತಲ್ಲ."

ಪಕ್ಕದ ಮನೆಯ ಮುದುಕ ಕುರ್ಚಿ ಹುಡುಕಿ ಕೂತ. ಅಷ್ಟು ಸಂತೋಷವನ್ನು ನಿಂತುಕೊಂಡು ತಡೆಯಲು ಅವನಿಗೆ ಆಗಲಿಲ್ಲ.

"ಹಳೇ ಬಾಡಿ ಎಲ್ಲೈತಿ?" ಎಂದರು ಸಾಹೇಬರು.

ತಾತ ಮಗಳ ಮುಖ ತಪ್ಪಿಸಿ ಹೇಳಿದರು: "ಮಿಲಿಟ್ರಿ ತಗಡು, ಬಿಸಾಡಾಕ ಮನಸು ಬರಲಿಲ್ಲ. ಮನಿಗೆ ತಂದ್ನಿ. ದನಕ್ಕ ಮೇವು ಹಾಕೋ ಗ್ವಾದ್ಲಿ ಐತಲ್ಲ, ಅದಾ."

"ಗ್ವಾದ್ಲಿ!" ಅಕ್ಕ ಎರಡೂ ಕೈ ತಲೆಯ ಮೇಲಿಟ್ಟಳು. "ಅಯ್ಯೋ ನನ್ನಪ್ಪಾ. ಸುಳ್ಳು ಬಾಡಿಗೆ ಪಾಲಿಶ್ ಹೊಡೀತಾ ಕುಂತೀನಿ, ಖರೇ ಬಾಡಿಗೆ ದಿನಾ ಹಿಂಡಿ ಕಲಸಿ ಹಾಕೀನಿ!"

ಸಾಹೇಬರು ಗಡಿಯಾರ ನೋಡಿದರು. ಮಿಕ್ಕ ಗಾಡಿಗಳ ತಪಾಸಣೆ ಮುಗಿಯಿತೆಂದರೆ ಮಧ್ಯಾಹ್ನ ಖಾಲಿ. ದನದ ಕೊಟ್ಟಿಗೆಗೆ ಹೋಗಿ ತಪಾಸಣೆ ಮಾಡಬೇಕೆಂದು ನಿಯಮದಲ್ಲಿಲ್ಲ ಎಂದರು. ಮಾಡಬಾರದು ಎಂದೂ ಇಲ್ಲ ಎಂದೆ ನಾನು. "ಮಂಗ್ಯಾ, ಗಾಡಿ ತೆಗಿ," ಎಂದರು.

ನನ್ನ ವ್ಯಾನಿನಲ್ಲಿ ಹೊರಟೆವು. ಮುಂದೆ ಸಾಹೇಬರು, ಹಿಂದೆ ತಾತ, ಅಕ್ಕ, ಮತ್ತೆ ಪಕ್ಕದ ಮನೆಯ ಮುದುಕ. ಅವನನ್ನು ಬಿಟ್ಟು ಹೋಗಲು ಸಾಧ್ಯವೇ ಇರಲಿಲ್ಲ. ತೆಕ್ಕಲಕೋಟೆ ದಾಟಿದ ಮೇಲೆ ತಾತನ ಬಾಯಿ ಬಿಚ್ಚಿತು. ಆ ಬೇವಿನ ಗಿಡದ ಕೆಳಗೆ ಹಾಲಿನ ಕ್ಯಾನಿನ ಜೊತೆ ಒಬ್ಬಾಕೆ ಕಾಯುತ್ತಿದ್ದಳು, ಜೀಪು ತಡವಾದರೆ ಹಾಲಿಗಿಂತ ಮೊದಲು ಅವಳೇ ಕಾದು ಕೆಂಪಾಗುತ್ತಿದ್ದಳು. ಈ ಸೇತುವೆಯ ಮೇಲೆ, ಹಿಂದಿನ ಸೀಟಿನಲ್ಲಿ, ಒಂದು ಕೂಸು ಹುಟ್ಟಿತು. "ಅದು ನನ್ನ ಸೊಸಿ," ಎಂದ ಪಕ್ಕದ ಮನೆಯ ಮುದುಕ, ಮೊದಲ ಸಲ ಕೊಂಕಿಲ್ಲದೆ. "ಅವ್ವನ ಹೊಟ್ಟಿಯಿಂದ ಸೀದಾ ಇವನ ಜೀಪಿಗೆ ಇಳಿದಾಳ." ಸಿರುಗುಪ್ಪದ ಅಕ್ಕಿ ಗಿರಣಿಗಳ ಹೊಟ್ಟಿನ ವಾಸನೆ ವ್ಯಾನಿನೊಳಗೆ ಬಂತು. ನಾನು ಬಾನೆಟ್ಟಿನ ಮೇಲೆ ಕೋಳಿ ಬುಟ್ಟಿ ಹಿಡಿದು ಇದೇ ವಾಸನೆಯೊಳಗೆ ಹಾದದ್ದನ್ನು ಹೇಳಿದೆ. ತಾತ ನನ್ನನ್ನು ಸರಿಯಾಗಿ ನೋಡಿದರು. "ತೆಕ್ಕಲಕೋಟಿ ಹುಡುಗರನ್ನ ಬಾನೆಟ್ ಮ್ಯಾಲೆ ಕುಂದ್ರಿಸಬಾರದು. ಸುಮ್ಮನಾ ಒದರತಿದ್ವು," ಎಂದರು.

ಕಾಲುವೆಯ ದಂಡೆಯಲ್ಲಿ ಒಂದು ಕಡೆ "ಇಲ್ಲೇ" ಎಂದರು. ನಿಲ್ಲಿಸಬೇಕೇ ಎಂದು ಕೇಳಿದೆ. ಬೇಡ ಎಂದು ಕೈಯಾಡಿಸಿದರು. ನೀರು ತುಂಬಿ ಹರಿಯುತ್ತಿತ್ತು.

ಹಚ್ಚೊಳ್ಳಿಯ ಆ ಕೊಟ್ಟಿಗೆಯಲ್ಲಿ ಎರಡು ಹಸು, ಒಂದು ಎಮ್ಮೆ. ಗೋದಲಿಯ ಅರ್ಧ ನೆಲದಲ್ಲಿ ಹೂತಿತ್ತು. ಬಾಗಿಲಿದ್ದ ಜಾಗಕ್ಕೆ ಹಲಗೆ ಹೊಡೆದಿದ್ದರು. ಹಿಂದೆ ಸಿಪಾಯಿಗಳು ಕೂರುತ್ತಿದ್ದ ಕಡೆ ಭತ್ತದ ಹುಲ್ಲು, ಮುಂದೆ ಡ್ರೈವರ್ ಕೂರುತ್ತಿದ್ದ ಕಡೆ ನೆನೆಸಿದ ಹಿಂಡಿ. ಒಮ್ಮೆ ಜೀಪು ಎಂದು ಹೇಳಿದ ಮೇಲೆ ಅದು ಜೀಪಾಗಿಯೇ ಕಾಣುತ್ತದೆ. ಹೇಳುವವರೆಗೆ, ದಿನಾ ಅದರೊಳಗೆ ಕೈಯಾಡಿಸಿದವಳಿಗೂ ಕಂಡಿರಲಿಲ್ಲ.

ಎಮ್ಮೆಯನ್ನು ಸರಿಸಿ, ಮೂಲೆ ತೊಳೆದು, ಥಿನ್ನರ್ ಹಚ್ಚಿ ಹಿಂಡಿಯ ಜಿಡ್ಡು ತೆಗೆದೆ. ಸುಣ್ಣದ ಪದರ ಬಿಟ್ಟಿತು. ವಾಟರ್ ಪೇಪರಿನಿಂದ ಹಗುರಾಗಿ ಸುತ್ತಿದೆ. ಒಂದು ಕೆನೆ ಬಣ್ಣ ಹೋಯಿತು. ಅದರ ಕೆಳಗೆ ಹಸಿರು ಎದ್ದಿತು, ಒಣಗಿದ ಬೇವಿನೆಲೆಯ ಹಸಿರು. ಅದರಲ್ಲಿ ಕೂದಲಿನಷ್ಟು ಸಣ್ಣ ಗೆರೆಗಳು.

"ಬ್ರಷ್," ಎಂದರು ಸಾಹೇಬರು. ಅವರ ದನಿ ನಾನು ಕಲಿತಿದ್ದ ದನಿಯಾಗಿರಲಿಲ್ಲ. "ಇದು ಮಷಿನ್ ಪೇಂಟ್ ಅಲ್ಲ. ವರ್ಕ್‌ಶಾಪಿನಾಗ ಬಕೆಟ್ಟಿನಾಗ ಕಲಸಿ ಕೈಲೆ ಹೊಡೀತಿದ್ವಿ. ಹೊಸದಾಗಿ ಭರ್ತಿ ಆದವರಿಗೆ ಇದಾ ಕೆಲಸ. ಊಟದ ತಟ್ಟಿಯಾಗೂ ಈ ಬಣ್ಣದ ವಾಸನಿ ಬರ್ತಿತ್ತು." ಜೇಬಿನಿಂದ ಕರ್ಚೀಫು ತೆಗೆದು ಆ ಜಾಗವನ್ನು ಒರೆಸಿದರು. ಆಮೇಲೆ ಆ ಕರ್ಚೀಫು ಜೇಬಿಗೆ ಹೋಗಲಾರದೆ ಬಹಳ ಹೊತ್ತು ಕೈಯಲ್ಲೇ ಇತ್ತು.

ಅಕ್ಕ ಕೇಳಿದಳು: "ಇದನ್ನ ಕಿತ್ತು ಜೀಪಿಗೆ ಕೂಡ್ಸಿದ್ರ ಮುಂದಿನ ವರ್ಷ ಕಪ್ ಬರ್ತೈತೇನು?"

"ಬರಬಹುದು," ಎಂದರು ಸಾಹೇಬರು.

"ದನಕ್ಕ ಎಲ್ಲಿ ಮೇವು ಹಾಕ್ತೀಯವ್ವಾ?" ಎಂದರು ತಾತ. ಆ ವಿಷಯ ಅಲ್ಲಿಗೆ ಮುಗಿಯಿತು.

ಭಾನುವಾರ ಬಹುಮಾನದ ಕಪ್ ಗಾಂಧಿನಗರದ ವ್ಯಾಪಾರಿಯೊಬ್ಬರ ಜೊಂಗಾ ಎಂಬ ಫೌಜಿ ಗಾಡಿಗೆ ಹೋಯಿತು. ಅದರ ಹಸಿರು ಬಳೆ ಎರಡು ಕಿಟಕಿಯಲ್ಲೂ ಚೊಕ್ಕವಾಗಿ ಬಂದಿತ್ತು. ಹಚ್ಚೊಳ್ಳಿಯ ಜೀಪಿನ ಸರದಿ ಬಂದಾಗ ಮೈಕು ನನ್ನ ಕೈಯಲ್ಲಿತ್ತು. ತಾತ ಕೆಳಗಿನಿಂದ ಕೈ ಎತ್ತಿದರು.

"ನೀ ಬ್ಯಾಡ ತಮ್ಮಾ. ನೀ ಹೇಳಿದ್ರ ನಗತಾರ. ಸಾಹೇಬ್ರು ಹೇಳಲಿ."

ಮೈಕು ಕೊಟ್ಟೆ. ಸಾಹೇಬರು ಅದನ್ನು ಬಾಯಿಂದ ದೂರವೇ ಹಿಡಿದರು, ಅವರಿಗೆ ಅದರ ಅಗತ್ಯವಿರಲಿಲ್ಲ. "ಹಚ್ಚೊಳ್ಳಿ ಜೀಪ್. ಚಾಸಿ ಫೌಜಿ. ಬಾಡಿ ಬದಲಿ. ಕಾರಣ, ಪಲ್ಟಿ. ಮೊದಲಿನ ಬಾಡಿ ನಾವು ಕಣ್ಣಾರೆ ನೋಡೀವಿ. ಬಹುಮಾನ ಇಲ್ಲ. ಗಾಡಿ ಮಿಲಿಟ್ರಿದು."

"ಪಲ್ಟಿ ಅಂದ್ರು, ಕೇಳ್ಸಿತಾ?" ಎಂದ ಪಕ್ಕದ ಮನೆಯ ಮುದುಕ.

"ಮಿಲಿಟ್ರಿ ಅಂದಿದ್ದು ನಿನಗ ಕೇಳ್ಸಿತಾ?" ಎಂದರು ತಾತ.

ಮರುದಿನ ಶೆಡ್ಡಿಗೆ ಅಕ್ಕನ ಫೋನು. "ತಮ್ಮಾ, ನಿನ್ನ ಥಿನ್ನರ್ ವಾಸನಿಗೆ ದನ ಗ್ವಾದ್ಲಿಗೆ ಬಾಯಿ ಹಾಕವಲ್ವು. ಬಂದು ತೊಳದು ಹೋಗು. ನಿಮ್ಮ ಸಾಹೇಬ್ರನ್ನೂ ಕರಕೊಂಡು ಬಾ."

ಕುರುಗೋಡಿಗೆ ಹೋಗಿ ಸಾಹೇಬರನ್ನು ಹತ್ತಿಸಿಕೊಂಡೆ. ಇಬ್ಬರು ತೀರ್ಪುಗಾರರು ಪ್ಯಾಂಟು ಮಡಚಿ, ಸೀಗೆಪುಡಿ ಹಾಕಿ ಒಂದು ಗೋದಲಿಯನ್ನು ತಿಕ್ಕಿದೆವು. ತಾತ ಮೂಲೆಯ ಹಸಿರು ಕಿಟಕಿಗೆ ಒಂದು ಕೈ ಅಡ್ಡ ಹಿಡಿದು ನಿಂತಿದ್ದರು. "ಅದೊಂದು ಬಿಟ್ಟು ತೊಳೀರಿ," ಎನ್ನುತ್ತಿದ್ದರು. ಊರಿನ ಕೆಲವರು ಬಾಗಿಲಲ್ಲಿ ಬಂದು ನಿಂತರು. ಯಾರೋ "ಪಲ್ಟಿ ತಾತ" ಎಂದು ಕರೆದರು, ತಾತ ಓಗೊಟ್ಟರು. ಹಸುಗಳು ಮೂಸಿದವು, ಯೋಚಿಸಿದವು, ಬಾಯಿ ಹಾಕಿದವು. ಎಮ್ಮೆ ಮಾತ್ರ ಆ ಮೂಲೆಗೇ ಮುಖ ಇಟ್ಟು ಮೇಯತೊಡಗಿತು. ನೋಡಲು ಬಂದವರಿಗೆ ಎಮ್ಮೆಯ ತಲೆಯ ಹೊರತು ಏನೂ ಕಾಣಲಿಲ್ಲ.

ಪಕ್ಕದ ಮನೆಯ ಮುದುಕ ಗುಂಪನ್ನು ಸರಿಸಿಕೊಂಡು ಮುಂದೆ ಬಂದ. ಕನ್ನಡಕ ಹಾಕಿಕೊಂಡ.

ತಾತ ಎಮ್ಮೆಯ ಕೊಂಬಿಗೆ ಕೈ ಹಾಕಿ, ಇದ್ದ ಬಲವನ್ನೆಲ್ಲ ಹಾಕಿ ಅದರ ತಲೆಯನ್ನು ಪಕ್ಕಕ್ಕೆ ಎಳೆದು ಹಿಡಿದರು.

"ಹಿಡ್ಕೊಂಡೀನಿ," ಎಂದರು. "ಬಗ್ಗಿ ನೋಡು. ಗಡಿಬಿಡಿ ಏನಿಲ್ಲ."